ಗುಳಿಗೆ ಒಂದೇ, ಹೆಸರು ಎರಡು

ನಮ್ಮ ಮಡಕಶಿರಾ ಸೀಮೆ 2022ರಿಂದ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದೆ. ಜಿಲ್ಲೆ ಬದಲಾದರೂ ನಮ್ಮ ಕಾಯಿಲೆಗಳ ದಾರಿ ಬದಲಾಗಿಲ್ಲ. ಅತ್ತ ಹಿಂದೂಪುರ, ಇತ್ತ ಶಿರಾ, ಪಾವಗಡ. ಯಾವ ಬಸ್ಸು ಮೊದಲು ಬಂತೋ ಆ ಊರಿನ ಡಾಕ್ಟರೇ ನಮ್ಮ ಡಾಕ್ಟರು. ಎರಡೂ ಕಡೆಯ ಮಂಡಿಗೆ ಕಡಲೆಕಾಯಿ ಹಾಕಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ನಮ್ಮ ಅವ್ವನಿಗೆ ಎಂಬತ್ತರ ಹತ್ತಿರ. ಸಕ್ಕರೆ ಕಾಯಿಲೆ. ಹೋದ ವರ್ಷ ಬೆಳಗಿನ ಜಾವ ಮೈಯೆಲ್ಲ ಬೆವರಿ, ಕೈ ನಡುಗಿ, ಏನೇನೋ ಮಾತಾಡೋಳು. ವಯಸ್ಸಾಯ್ತು ಅಂದರು ಕೆಲವರು, ಗಾಳಿ ಸೋಕಿದೆ ಅಂದರು ಇನ್ನು ಕೆಲವರು. ನಾನೂ ನಿಂಬೆಹಣ್ಣು ನಿವಾಳಿಸಿದವನೇ, ಮುಚ್ಚಿಡೋದೇಕೆ?

ಆಗ ಆರೋಗ್ಯ ಕೇಂದ್ರಕ್ಕೆ ತರಬೇತಿಗೆ ಬಂದಿದ್ದ ನಾಲ್ವರು ವಿದ್ಯಾರ್ಥಿಗಳು ಆಶಾ ಕಾರ್ಯಕರ್ತೆಯ ಜೊತೆ ನಮ್ಮ ಜಗಲಿಗೆ ಬಂದರು. ಒಬ್ಬ ಡಾಕ್ಟರಿಕೆ ಓದುವವನು, ಒಬ್ಬ ಫಾರ್ಮಸಿ, ಒಬ್ಬಳು ನರ್ಸಿಂಗ್, ಇನ್ನೊಬ್ಬಳು ಫಿಸಿಯೋಥೆರಪಿ. ಅವರದು ತೆಲುಗು, ಅವ್ವನದು ಕನ್ನಡ, ನಡುವೆ ನಾನು. ಅವ್ವ ಅಂದರೆ ನಮಗೆ ತಾಯಿ, ಅವರಿಗೆ ಅಜ್ಜಿ. ಹಾಗಾಗಿ ಎಲ್ಲರಿಗೂ ಆಕೆ ಅವ್ವನೇ.

ಡಾಕ್ಟರಿಕೆ ಹುಡುಗ ಮೊದಲೇ ತಲೆಗೆ ಸ್ಕ್ಯಾನ್ ಆಗಬೇಕು ಅಂದ. ನರ್ಸಿಂಗ್ ಹುಡುಗಿ, "ರಾತ್ರಿ ಏನು ಉಣ್ಣುತ್ತಾರೆ ಕೇಳಿ ಬಾಬಾಯ್" ಅಂದಳು.

"ಸೋಮವಾರ, ಶನಿವಾರ ಒಪ್ಪೊತ್ತು ಕಣವ್ವಾ" ಅಂದಳು ನಮ್ಮವ್ವ.

"ಒಕ್ಕಪೊದ್ದಾ?" ಎಂದು ಹುಡುಗಿ ನಾನು ತಿರುಗಿಸಿ ಹೇಳುವ ಮೊದಲೇ ಹಿಡಿದಳು.

ಫಾರ್ಮಸಿ ಹುಡುಗ ಗುಳಿಗೆ ಚೀಲ ತರಿಸಿ ಜಗಲಿ ಮೇಲೆ ಸುರಿದ. ಎರಡು ಪಟ್ಟಿಗಳ ಹೆಸರು ಬೇರೆ, ಬಣ್ಣ ಬೇರೆ. ಸಣ್ಣಕ್ಷರದಲ್ಲಿ ಮಾತ್ರ ಎರಡರಲ್ಲೂ ಒಂದೇ ಔಷಧಿ, ಗ್ಲಿಮೆಪಿರೈಡ್. ಗಡಿಯ ಆಚೆ ಒಬ್ಬರು ಬರೆದದ್ದು, ಈಚೆ ಒಬ್ಬರು ಬರೆದದ್ದು. ಅವರು ಕೇಳಲಿಲ್ಲ, ನಾವೂ ಹೇಳಲಿಲ್ಲ. ಖಾಲಿ ಹೊಟ್ಟೆಗೆ ಎರಡರಷ್ಟು ಗುಳಿಗೆ ಬಿದ್ದು ರಕ್ತದ ಸಕ್ಕರೆ ಇಳಿಯುತ್ತಿತ್ತು. ಫಿಸಿಯೋಥೆರಪಿ ಹುಡುಗಿ ಅವ್ವನನ್ನು ನಡೆಸಿ ನೋಡಿ, ಪಾದಕ್ಕೆ ಸ್ಪರ್ಶ ತಿಳಿಯುತ್ತಿಲ್ಲ, ಬರಿಗಾಲಲ್ಲಿ ಓಡಾಡಬಾರದು ಅಂದಳು. ನಾಲ್ವರೂ ಕೂಡಿ ಕೇಂದ್ರದ ಡಾಕ್ಟರಿಗೆ ವರದಿ ಕೊಟ್ಟರು. ಅವರು ರಕ್ತ ಪರೀಕ್ಷೆ ಮಾಡಿಸಿ ಒಂದು ಗುಳಿಗೆ ನಿಲ್ಲಿಸಿದರು. ಬೆಳಗಿನ ಬೆವರೂ ನಿಂತಿತು.

ಹೊರಡುವಾಗ ಡಾಕ್ಟರಿಕೆ ಹುಡುಗ, "ನಾನೊಬ್ಬನೇ ಬಂದಿದ್ದರೆ ತಪ್ಪುತ್ತಿದ್ದೆ" ಅಂದ. ಆ ಮಾತು ನನಗೆ ಹಿಡಿಸಿತು. ಬಿತ್ತುವಾಗ ಕೂರಿಗೆಯ ಒಂದು ಕೊಳವೆ ಕಟ್ಟಿಕೊಂಡರೆ ಆಗ ತಿಳಿಯಲ್ಲ, ಮೊಳಕೆ ಬಂದಾಗಲೇ ಒಂದು ಸಾಲು ಬರಿದು ಕಾಣೋದು.

ಇದು ಹೊಸ ಮಾತೇನಲ್ಲ. ಸ್ವೀಡನ್ನಿನ ಲಿನ್‌ಶೋಪಿಂಗ್‌ನಲ್ಲಿ 1996ರಲ್ಲೇ ಇಂಥ ವಿದ್ಯಾರ್ಥಿಗಳು ಗುರುಗಳ ಕಣ್ಗಾವಲಲ್ಲಿ ಒಟ್ಟಿಗೆ ರೋಗಿಗಳನ್ನು ನೋಡುವ ವಾರ್ಡು ತೆರೆದರು. ವಿಶ್ವ ಆರೋಗ್ಯ ಸಂಸ್ಥೆ 2010ರಲ್ಲಿ ಈ ಬಗೆಯ ಕಲಿಕೆಗೆ ಮಾರ್ಗಸೂಚಿ ಹೊರಡಿಸಿತು. ನಮ್ಮಲ್ಲಿ 2022ರಲ್ಲಿ ಎಂಬಿಬಿಎಸ್ ವಿದ್ಯಾರ್ಥಿಗಳು ಹಳ್ಳಿಯ ಕುಟುಂಬಗಳನ್ನು ದತ್ತು ತೆಗೆದುಕೊಳ್ಳುವ ನಿಯಮ ಬಂತು. ಅವರ ಜೊತೆ ಉಳಿದವರನ್ನೂ ಕಳಿಸಲಿ. ಗಡಿ ಹಳ್ಳಿಗೆ ಬರುವವರಿಗೆ ನಾಲ್ಕು ಮಾತು ಕನ್ನಡವನ್ನೂ ಕಲಿಸಲಿ.

ನಮ್ಮ ಪಾಲಿನ ಕೆಲಸವೂ ಇದೆ. ಯಾವ ಊರಿನ ಡಾಕ್ಟರ ಹತ್ತಿರ ಹೋದರೂ ಮನೆಯಲ್ಲಿರುವ ಗುಳಿಗೆಯೆಲ್ಲ ತೋರಿಸಿ, ಒಪ್ಪೊತ್ತಿದ್ದರೆ ಹೇಳಿ. ನಿಮ್ಮಷ್ಟಕ್ಕೆ ನೀವೇ ನಿಲ್ಲಿಸಬೇಡಿ. ಈಗ ನಮ್ಮವ್ವನ ಚೀಲ ಬಾಗಿಲ ಪಕ್ಕದ ಗೂಟದಲ್ಲಿದೆ. ಬಸ್ಸು ಆಚೆಯದಾಗಲಿ ಈಚೆಯದಾಗಲಿ, ಮೊದಲು ಹತ್ತೋದು ಆ ಚೀಲ.