ಕೊಳವೆಬಾವಿಯಿಂದ ಜಿಲ್ಲಾ ಪರಿಷತ್ತಿನವರೆಗೆ: ಅಬ್ದುಲ್ ನಜೀರ್ ಸಾಬ್

ಗುಂಡ್ಲುಪೇಟೆಯ ಅಬ್ದುಲ್ ನಜೀರ್ ಸಾಬ್ ಅವರನ್ನು ರಾಜ್ಯದ ಹಳ್ಳಿಗಳು ‘ನೀರ್ ಸಾಬ್’ ಎಂದೇ ಕರೆದವು. ಸಭೆ ಸೇರಿಸಿ ಹಾರ ಹಾಕಿ ಕೊಟ್ಟ ಬಿರುದಲ್ಲ ಅದು. ಬೋರ್‌ವೆಲ್ ಲಾರಿ ಬಂದು ನೀರು ಎಬ್ಬಿಸಿದ ಊರುಗಳ ಜನ ತಾವೇ ಇಟ್ಟುಕೊಂಡ ಹೆಸರು. 1983ರಲ್ಲಿ ರಾಮಕೃಷ್ಣ ಹೆಗಡೆಯವರ ನಾಯಕತ್ವದಲ್ಲಿ ರಾಜ್ಯದ ಮೊದಲ ಕಾಂಗ್ರೆಸ್ಸೇತರ ಸರ್ಕಾರ ಬಂದಾಗ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಖಾತೆ ಅವರ ಪಾಲಿಗೆ ಬಂತು. 1988ರ ಅಕ್ಟೋಬರ್‌ನಲ್ಲಿ ಅವರು ತೀರಿಕೊಂಡರು. ಆರು ವರ್ಷಕ್ಕೂ ಕಡಿಮೆ ಅವಧಿಯಲ್ಲಿ ಅವರು ಮಾಡಿದ ಕೆಲಸದಲ್ಲಿ ಅರ್ಧವನ್ನಷ್ಟೇ ನಾಡು ಚೆನ್ನಾಗಿ ನೆನಪಿಟ್ಟುಕೊಂಡಿದೆ. ಉಳಿದರ್ಧವೇ ಹೆಚ್ಚು ದೊಡ್ಡದು ಎಂಬುದು ನನ್ನ ನಂಬಿಕೆ.

ಮೊದಲು ನೀರಿನ ಮಾತು. ಕರ್ನಾಟಕದ ಬಯಲುಸೀಮೆಯ ನೆಲದಡಿ ಇರುವುದು ಗಟ್ಟಿ ಕಲ್ಲು. ತೋಡು ಬಾವಿಯ ಆಳವೆಲ್ಲ ಆ ಕಲ್ಲು ಸಿಗುವವರೆಗೆ ಮಾತ್ರ. ಮಳೆ ಎರಡು ವರ್ಷ ಕೈಕೊಟ್ಟರೆ ಬಾವಿಯ ತಳದಲ್ಲಿ ಉಳಿಯುವುದು ರಾಡಿ. ಎಂಬತ್ತರ ದಶಕದ ನಡುವಿನ ವರ್ಷಗಳು ಬರದ ವರ್ಷಗಳಾಗಿದ್ದವು. ಉತ್ತರ ಕರ್ನಾಟಕದ ಕೆಲವೆಡೆ ಇನ್ನೊಂದು ಸಂಕಟವೂ ಇತ್ತು. ಮೆಟ್ಟಿಲು ಬಾವಿಗೆ ಇಳಿದು ಕೊಡ ತುಂಬಿಕೊಳ್ಳುವಾಗ ಕಾಲು ನೀರಿಗೆ ತಾಗುತ್ತಿತ್ತು. ನಾರುಹುಣ್ಣು ಆದವರ ಕಾಲಿನಿಂದ ಹುಳುವಿನ ಮರಿಗಳು ನೀರಿಗಿಳಿದು, ಕಣ್ಣಿಗೆ ಕಾಣುವುದೇ ಕಷ್ಟವೆನಿಸುವಷ್ಟು ಚಿಕ್ಕ ನೀರುಜೀವಿಗಳ ಹೊಟ್ಟೆ ಸೇರುತ್ತಿದ್ದವು. ಆ ನೀರು ಕುಡಿದವರ ಮೈಯಲ್ಲಿ ಹುಳು ಸುಮಾರು ಒಂದು ವರ್ಷ ಬೆಳೆದು, ಕೊನೆಗೆ ಕಾಲಿನ ಚರ್ಮ ಸೀಳಿಕೊಂಡು ದಾರದಂತೆ ಹೊರಬರುತ್ತಿತ್ತು. ಉದ್ದ ಹೆಚ್ಚುಕಡಿಮೆ ಒಂದು ಮೀಟರ್. ಅದನ್ನು ಕಡ್ಡಿಗೆ ಸುತ್ತಿ ದಿನಕ್ಕೆ ಸ್ವಲ್ಪ ಸ್ವಲ್ಪವೇ ಎಳೆಯಬೇಕು. ತುಂಡಾದರೆ ಕಾಲು ಕೀವುಗಟ್ಟಿತು ಎಂದೇ ಅರ್ಥ. ಬಿತ್ತನೆಯ ಹೊತ್ತಿನಲ್ಲಿ ಮನೆಯ ದುಡಿಯುವ ಕೈ ಹಾಸಿಗೆ ಹಿಡಿಯುತ್ತಿತ್ತು. ಇದಕ್ಕೆ ಔಷಧಿಯೂ ಇಲ್ಲ, ಲಸಿಕೆಯೂ ಇಲ್ಲ. ಯಾರ ಕಾಲೂ ತಾಗದ ನೀರು ಸಿಗುವಂತಾಗುವುದೇ ಗಟ್ಟಿ ದಾರಿ.

ಹೀಗಾಗಿ ಕೊಳವೆಬಾವಿ ಆ ಕಾಲದ ಹಳ್ಳಿಗೆ ನೀರು ಕೊಟ್ಟಿತು, ಆರೋಗ್ಯವನ್ನೂ ಕೊಟ್ಟಿತು. ಲಾರಿಯ ಮೇಲೆ ಕೂರಿಸಿದ ಯಂತ್ರ ಗಾಳಿಯ ಒತ್ತಡದಿಂದ ಕಲ್ಲನ್ನು ಕುಟ್ಟಿ ಪುಡಿ ಮಾಡುತ್ತ ಇಳಿಯುತ್ತದೆ. ಬಿಳಿ ದೂಳು ಹಾರುವಷ್ಟು ಹೊತ್ತು ಸುತ್ತ ನಿಂತವರ ಬಾಯಲ್ಲಿ ಮಾತಿಲ್ಲ; ದೂಳು ಒದ್ದೆಯಾಗಿ ಕೆಸರು ಚಿಮ್ಮಿದಾಗ ಹೆಂಗಸರು ಅರಿಶಿನ ಕುಂಕುಮ ತರಲು ಓಡುತ್ತಾರೆ. ಮೇಲಿನ ಸಡಿಲ ಮಣ್ಣು ಕುಸಿಯದಂತೆ ಕೇಸಿಂಗ್ ಪೈಪು ಇಳಿಸಿ, ಸಿಮೆಂಟಿನ ಕಟ್ಟೆ ಹಾಕಿ, ಕೈಪಂಪು ಕೂರಿಸಿದರೆ ಕೇರಿಗೆ ನೀರು ಬಂತು. ಕುಡಿಯುವ ನೀರಿನ ಈ ಕೆಲಸವನ್ನು ನಜೀರ್ ಸಾಬ್ ತಮ್ಮ ಇಲಾಖೆಯ ಮೊದಲ ಕೆಲಸವಾಗಿ ಹಿಡಿದು, ರಾಜ್ಯದ ಉದ್ದಗಲಕ್ಕೂ ಮಾಡಿಸಿದರು. ನಾರುಹುಣ್ಣಿನ ವಿರುದ್ಧ ಕೇಂದ್ರ ಸರ್ಕಾರವೂ ರಾಜ್ಯಗಳೂ ಒಟ್ಟಾಗಿ ಹೋರಾಡಿದವು, ಆ ಯಶಸ್ಸನ್ನು ಒಬ್ಬರ ಹೆಸರಿಗೆ ಬರೆಯುವಂತಿಲ್ಲ. 2000ದಲ್ಲಿ ಭಾರತ ಆ ರೋಗದಿಂದ ಮುಕ್ತವೆಂದು ಘೋಷಣೆಯಾಯಿತು. ಊರೂರಿಗೆ ಬಂದ ಕೈಪಂಪುಗಳ ಪಾಲು ಆ ಯಶಸ್ಸಿನಲ್ಲಿ ದೊಡ್ಡದು.

ಈಗ ಕೈಪಂಪಿನ ಹೊಟ್ಟೆಯೊಳಗೆ ನೋಡೋಣ. ನಮ್ಮ ಹಳ್ಳಿಗಳಿಗೆಲ್ಲ ಬಂದ ಇಂಡಿಯಾ ಮಾರ್ಕ್ 2 ಮಾದರಿಯ ಪಂಪಿನಲ್ಲಿ ನೀರು ಎತ್ತುವ ಸಿಲಿಂಡರ್ ಇರುವುದು ನೆಲದಡಿ, ನೀರಿನೊಳಗೆ. ಅದರೊಳಗಿನ ವಾಷರ್ ಮೊದಮೊದಲು ಚರ್ಮದ್ದು. ದಿನವಿಡೀ ನೂರಾರು ಕೊಡ ತುಂಬುವ ಪಂಪಿನಲ್ಲಿ ಅದು ಸವೆಯಲೇಬೇಕು. ಸವೆದಾಗ ಹಿಡಿ ಒತ್ತಿದಷ್ಟೂ ಗಾಳಿ. ವಾಷರ್ ಬದಲಾಯಿಸಬೇಕೆಂದರೆ ಉದ್ದದ ಕಬ್ಬಿಣದ ಪೈಪುಗಳನ್ನೂ ಸರಳುಗಳನ್ನೂ ಒಂದೊಂದಾಗಿ ಮೇಲೆತ್ತಬೇಕು. ಊರಿನವರ ಬರಿಗೈಯಿಂದ ಆಗುವ ಕೆಲಸವಲ್ಲ. ವಿಶೇಷ ಸಲಕರಣೆ, ಗಾಡಿ, ತರಬೇತಾದ ಮೆಕ್ಯಾನಿಕ್‌ಗಳ ತಂಡ ಬೇಕು. ಆ ತಂಡ ಯಾರ ಮಾತು ಕೇಳಿ ಹೊರಡಬೇಕು? ಊರಿನವರು ಅರ್ಜಿ ಬರೆದು, ಅದು ಮೇಜಿನಿಂದ ಮೇಜಿಗೆ ಹೋಗಿ, ಮೇಲಿನವರ ಸಹಿ ಬೀಳುವ ಹೊತ್ತಿಗೆ ಬೇಸಿಗೆಯೇ ಮುಗಿದಿರುತ್ತದೆ. ನೀರು ಕೊಡಲು ಯಂತ್ರ ಸಾಕು. ಕೊಟ್ಟ ನೀರು ನಿಲ್ಲದಂತೆ ನೋಡಿಕೊಳ್ಳಲು ಊರಿನ ಕೈಯಲ್ಲೇ ಅಧಿಕಾರವಿರಬೇಕು. ನಜೀರ್ ಸಾಬರ ಎರಡು ಕೆಲಸಗಳನ್ನು ಕೂಡಿಸುವ ಕೊಂಡಿ ಇದೇ ಎಂದು ನಾನು ಓದಿಕೊಳ್ಳುತ್ತೇನೆ.

ಆ ಎರಡನೆಯ ಕೆಲಸ 1983ರ ಕಾಯಿದೆ. ಜಿಲ್ಲಾ ಪರಿಷತ್ತು, ತಾಲ್ಲೂಕು ಪಂಚಾಯತ್ ಸಮಿತಿ, ಮಂಡಲ ಪಂಚಾಯಿತಿ, ನ್ಯಾಯ ಪಂಚಾಯಿತಿ ಎಂಬ ಉದ್ದನೆಯ ಹೆಸರು ಅದಕ್ಕೆ. ಪಂಚಾಯತ್ ರಾಜ್ ಕುರಿತು 1978ರಲ್ಲಿ ಅಶೋಕ್ ಮೆಹ್ತಾ ಸಮಿತಿ ಕೊಟ್ಟ ಶಿಫಾರಸುಗಳೇ ಅದಕ್ಕೆ ಅಡಿಪಾಯ. ರಾಷ್ಟ್ರಪತಿಗಳ ಅಂಕಿತ ಬಿದ್ದದ್ದು 1985ರಲ್ಲಿ, ಚುನಾವಣೆ ನಡೆದದ್ದು 1987ರ ಜನವರಿಯಲ್ಲಿ. ಆಗಿನ 19 ಜಿಲ್ಲೆಗಳಿಗೆ 19 ಜಿಲ್ಲಾ ಪರಿಷತ್ತುಗಳು, ಕೆಳಗೆ ಎರಡೂವರೆ ಸಾವಿರದಷ್ಟು ಮಂಡಲ ಪಂಚಾಯಿತಿಗಳು. ಮಹಿಳೆಯರಿಗೆ ಶೇ. 25ರಷ್ಟು ಸ್ಥಾನ ಮೀಸಲು. ಸಂವಿಧಾನದ 73ನೇ ತಿದ್ದುಪಡಿ ದೇಶಕ್ಕೆಲ್ಲ ಮಹಿಳಾ ಮೀಸಲಾತಿ ತಂದದ್ದು 1993ರಲ್ಲಿ. ಅದಕ್ಕೂ ಆರು ವರ್ಷ ಮುಂಚೆಯೇ ನಮ್ಮ ಸಾವಿರಾರು ಹೆಣ್ಣುಮಕ್ಕಳು ಪಂಚಾಯಿತಿ ಕುರ್ಚಿಯಲ್ಲಿ ಕೂತಿದ್ದರು.

ಈ ಕಾಯಿದೆಯ ಧೈರ್ಯ ಕಾಣುವುದು ಒಂದು ಸಣ್ಣ ಏರ್ಪಾಟಿನಲ್ಲಿ. ಜಿಲ್ಲಾ ಪರಿಷತ್ತಿನ ಅಧ್ಯಕ್ಷರಿಗೆ ರಾಜ್ಯ ಸಚಿವರ ದರ್ಜೆ ಕೊಟ್ಟರು. ಅವರ ಕೈಕೆಳಗೆ ಮುಖ್ಯ ಕಾರ್ಯದರ್ಶಿಯಾಗಿ ಜಿಲ್ಲಾಧಿಕಾರಿಗಿಂತ ಹಿರಿಯ ಐಎಎಸ್ ಅಧಿಕಾರಿಯನ್ನು ಕೂರಿಸಿದರು. ಬ್ರಿಟಿಷರ ಕಾಲದಿಂದ ಜಿಲ್ಲೆಗೆ ದೊಡ್ಡವರೆಂದರೆ ಕಲೆಕ್ಟರ್. ಅವರ ಬಳಿ ಕಂದಾಯ, ಕಾನೂನು ಸುವ್ಯವಸ್ಥೆ ಉಳಿಯಿತು. ಶಾಲೆ, ಪ್ರಾಥಮಿಕ ಆರೋಗ್ಯ ಕೇಂದ್ರ, ಪಶುವೈದ್ಯ, ಕುಡಿಯುವ ನೀರು ಎಲ್ಲವೂ ಸಿಬ್ಬಂದಿ ಸಮೇತ ಚುನಾಯಿತ ಪರಿಷತ್ತಿಗೆ ಹೋಯಿತು. ರಾಜ್ಯದ ಬಜೆಟ್ಟಿನಲ್ಲೇ ಜಿಲ್ಲಾ ವಲಯ ಎಂದು ಬೇರೆ ಪಾಲು ಬಂತು. ಶಾಸಕರಲ್ಲಿ ಹಲವರಿಗೆ ಇದು ಹಿಡಿಸಲಿಲ್ಲ. ವರ್ಗಾವಣೆ, ಕಾಮಗಾರಿ, ಶಿಫಾರಸು ಚೀಟಿ ಇವೆಲ್ಲ ಕೈತಪ್ಪಿ ಹೋಗುವುದು ಯಾರಿಗೆ ಇಷ್ಟವಾದೀತು? ಮಂತ್ರಿಗಳಿಗೂ ಅದೇ ನಷ್ಟ. ಹಾಗಿದ್ದೂ ತಮ್ಮ ಖಾತೆಯ ಅಧಿಕಾರವನ್ನು ತಾವೇ ಕೂತು ಹಂಚಿ ಕೊಟ್ಟ ಮಂತ್ರಿ ಇವರು. ಅವರ ಸಾರ್ವಜನಿಕ ಸೇವೆಗೆ ಗೌರವ ಸಲ್ಲಿಸುವವರು ಎಲ್ಲಕ್ಕಿಂತ ಮೊದಲು ಈ ಸಂಗತಿಯನ್ನು ಎತ್ತಿ ಹೇಳಬೇಕು.

ಫಲ ಏನಾಯಿತು? ಈ ಪ್ರಯೋಗವನ್ನು ಅಧ್ಯಯನ ಮಾಡಿದ ರಿಚರ್ಡ್ ಕ್ರೂಕ್ ಮತ್ತು ಜೇಮ್ಸ್ ಮ್ಯಾನರ್, ಮೇಷ್ಟ್ರುಗಳೂ ಆರೋಗ್ಯ ಸಿಬ್ಬಂದಿಯೂ ಕೆಲಸಕ್ಕೆ ಸರಿಯಾಗಿ ಬರತೊಡಗಿದ್ದನ್ನು ಗುರುತಿಸಿದರು. ಮೇಷ್ಟ್ರು ಬಾರದಿದ್ದರೆ ಕೇಳಬೇಕಾದವರು ಅದೇ ಬೀದಿಯಲ್ಲಿದ್ದರು, ಅಷ್ಟೆ. ಕೊರತೆಗಳಿರಲಿಲ್ಲ ಎಂದಲ್ಲ. ಮಂಡಲಕ್ಕೆ ಸಿಕ್ಕ ಹಣ, ಅಧಿಕಾರ ಜಿಲ್ಲೆಗೆ ಹೋಲಿಸಿದರೆ ತೀರಾ ಕಡಿಮೆ. ತಾಲ್ಲೂಕು ಸಮಿತಿಗೆ ಸಲಹೆ ಕೊಡುವುದಕ್ಕಿಂತ ಹೆಚ್ಚಿನ ಬಲವಿರಲಿಲ್ಲ. ಕೊಳವೆಬಾವಿಯ ಕಥೆಯಲ್ಲೂ ನೋವಿದೆ: ಮುಂದಿನ ದಶಕಗಳಲ್ಲಿ ತೋಟ, ಗದ್ದೆಗೆ ಲೆಕ್ಕವಿಲ್ಲದೆ ಕೊರೆದು ಅಂತರ್ಜಲ ಪಾತಾಳಕ್ಕಿಳಿಯಿತು, ಹಲವು ಕಡೆ ಫ್ಲೋರೈಡ್ ನೀರು ಬಂತು. ಕುಡಿಯುವ ನೀರಿಗೆಂದು ಕೇರಿಗೊಂದು ಕೈಪಂಪು ಹಾಕಿಸಿದವರ ಮೇಲೆ ಆ ತಪ್ಪನ್ನು ಹೊರಿಸುವುದು ನ್ಯಾಯವಲ್ಲ.

ನಜೀರ್ ಸಾಬ್ ಹೋದ ಮೇಲೆ ಈ ಪಂಚಾಯಿತಿ ವ್ಯವಸ್ಥೆಯನ್ನು ಕಾಪಾಡುವವರು ಕಡಿಮೆಯಾದರು. 1992ರಲ್ಲಿ ಪರಿಷತ್ತುಗಳ ಅವಧಿ ಮುಗಿದಾಗ ಹೊಸ ಚುನಾವಣೆಯ ಬದಲು ಆಡಳಿತಾಧಿಕಾರಿಗಳು ಬಂದರು. 1993ರ ಹೊಸ ಕಾಯಿದೆ ಮಂಡಲಗಳನ್ನು ತೆಗೆದು ಗ್ರಾಮ ಪಂಚಾಯಿತಿಗಳನ್ನು ತಂದಿತು, ಪರಿಷತ್ತುಗಳು ಜಿಲ್ಲಾ ಪಂಚಾಯಿತಿಗಳಾದವು. ಮೈಸೂರಿನಲ್ಲಿ ಪಂಚಾಯಿತಿ ಸದಸ್ಯರಿಗೆ ತರಬೇತಿ ಕೊಡುವ ರಾಜ್ಯ ಸಂಸ್ಥೆಗೆ ಅಬ್ದುಲ್ ನಜೀರ್ ಸಾಬ್ ಅವರ ಹೆಸರಿಟ್ಟದ್ದು ಸರಿಯಾದ ಗೌರವ. ಮೊದಲ ಸಲ ಗೆದ್ದು ಬಂದ ಸದಸ್ಯೆ ಗ್ರಾಮಸಭೆ ಕರೆಯುವುದು, ಬಜೆಟ್ ಓದುವುದು ಕಲಿಯುವುದು ಆ ಹೆಸರಿನಡಿ. ಆದರೆ 2021ರಲ್ಲಿ ಅವಧಿ ಮುಗಿದ ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳಿಗೆ ವರ್ಷಗಳೇ ಕಳೆದರೂ ಚುನಾವಣೆ ನಡೆಯಲಿಲ್ಲ; ಅಧ್ಯಕ್ಷರ ಕೊಠಡಿಗೆ ಬೀಗ, ಕಡತಗಳಿಗೆ ಅಧಿಕಾರಿಗಳ ಸಹಿ. ಪಕ್ಷ ಯಾವುದೇ ಇರಲಿ, ವಿಧಾನಸೌಧದಲ್ಲಿ ನಜೀರ್ ಸಾಬರ ಹೆಸರು ಹೇಳುವವರನ್ನು ಹಳ್ಳಿಯ ಮತದಾರರು ಕೇಳಬೇಕಾದದ್ದು ಈ ಚುನಾವಣೆಯ ತಾರೀಖನ್ನು.