ನಾಯಕರಿಂದ ದೂರ ಸರಿಯುವವರು

ಚುನಾವಣೆ ಸಮೀಪಿಸಿತೆಂದರೆ ನಮ್ಮ ವಾಚನಾಲಯದ ಉದ್ದ ಮೇಜಿನ ಸುತ್ತ ಕುರ್ಚಿಗಳು ಸಾಲದೆ ಹೋಗುತ್ತವೆ. ಒಂದೇ ಪತ್ರಿಕೆಯ ಹಾಳೆಗಳನ್ನು ನಾಲ್ವರು ಹಂಚಿಕೊಂಡು ಓದುವುದೂ ಉಂಟು. ಅಂಥದೊಂದು ಸಂಜೆ, ಹೋಟೆಲಿನ ಕೆಲಸ ಮುಗಿಸಿ ಬಂದ ಯುವಕರೊಬ್ಬರು ಪತ್ರಿಕೆಯಿಂದ ತಲೆಯೆತ್ತಿ, "ನಿನ್ನೆಯವರೆಗೆ ಆ ನಾಯಕರ ಮಗ್ಗುಲಲ್ಲೇ ನಿಂತು ಫೋಟೋ ತೆಗೆಸಿಕೊಂಡವರು ಇಂದು ಅವರ ಹೆಸರನ್ನೇ ಎತ್ತುವುದಿಲ್ಲವಲ್ಲ, ಇದೆಂಥದು ಮಾರಾಯ್ರೆ?" ಎಂದು ಕೇಳಿದರು. ಎದುರಿಗೆ ಕುಳಿತಿದ್ದ ಧಾರವಾಡದ ಕಡೆಯ ಹಿರಿಯರು ಕನ್ನಡಕ ತೆಗೆದಿಟ್ಟು, "ಇದೇನು ಹೊಸಾದಲ್ಲ ತಮ್ಮಾ. ಎಪ್ಪತ್ತೇಳರೊಳಗ ನೋಡೇವಿ, ಎಪ್ಪತ್ತೆಂಟರೊಳಗ ನೋಡೇವಿ, ಎಂಬತ್ತರೊಳಗೂ ನೋಡೇವಿ" ಎಂದರು. ಆ ಮಾತಿನ ಎಳೆ ಹಿಡಿದು ಈ ಲೇಖನವನ್ನು ಬರೆದಿದ್ದೇವೆ. ನಾವು ಗಿರಣಿಯ ಕಚೇರಿಯಲ್ಲಿ ಪಗಾರದ ಪುಸ್ತಕ ಬರೆಯುವವರು, ಮೆಟ್ರಿಕ್‌ವರೆಗೆ ಓದಿದವರು. ರಾಜ್ಯಶಾಸ್ತ್ರ ಅರಿತವರಲ್ಲ. ಆದರೆ ಜಮಾ-ಖರ್ಚು ನೋಡುವ ಅಭ್ಯಾಸವಿದೆ. ಈ ವಿಷಯವಾದರೋ ಬಹುಮಟ್ಟಿಗೆ ಜಮಾ-ಖರ್ಚಿನದೇ ಆಗಿದೆ.

ಚುನಾವಣೆಗೆ ನಿಂತವನು ಮತದಾರನ ಬಾಗಿಲಿಗೆ ಮೂರು ವಸ್ತುಗಳನ್ನು ಹೊತ್ತು ಬರುತ್ತಾನೆ: ಪಕ್ಷದ ಚಿಹ್ನೆ, ದೊಡ್ಡ ನಾಯಕರ ಮುಖ, ತನ್ನ ಸ್ವಂತ ಹೆಸರು. ಒಳ್ಳೆಯ ಕಾಲದಲ್ಲಿ ಮೂರೂ ಒಂದೇ ಗಂಟಿನಲ್ಲಿರುತ್ತವೆ. ನಾಯಕರ ಮುಖ ಜನರಿಗೆ ಬೇಸರವಾಯಿತೆಂದು ಸುದ್ದಿ ಹಬ್ಬಿದೊಡನೆ ಅಭ್ಯರ್ಥಿ ಗಂಟು ಬಿಚ್ಚಿ, ಆ ಒಂದನ್ನು ಮಾತ್ರ ದಾರಿಯಲ್ಲಿ ಇಳಿಸಿಬಿಡಬಹುದೇ ಎಂದು ನೋಡುತ್ತಾನೆ. ಬೇಗ ಇಳಿಸಿದರೆ ಟಿಕೇಟು ಸಿಕ್ಕುವುದಿಲ್ಲ. ತಡವಾಗಿ ಇಳಿಸಿದರೆ ಜನ ನಂಬುವುದಿಲ್ಲ. ಇಷ್ಟು ತೊಡಕು ಎಲ್ಲರಿಗೂ ಗೊತ್ತಿದ್ದದ್ದೇ. ಇದಕ್ಕಿಂತ ದೊಡ್ಡ ತೊಡಕು ಇನ್ನೊಂದಿದೆ. ನಾಯಕರು ಅಪ್ರಿಯರಾದರೆಂದು ಅವನಿಗೆ ಹೇಳಿದವರು ಯಾರು? ಎಲ್ಲಿಯವರು? ಈ ಪ್ರಶ್ನೆಯನ್ನು ಕೇಳಿಕೊಳ್ಳದೆ ದೂರ ಸರಿದವರ ಗತಿ ಏನಾಯಿತೆಂಬುದಕ್ಕೆ ನಮ್ಮ ಕರ್ನಾಟಕದಷ್ಟು ಸ್ಪಷ್ಟವಾದ ಉದಾಹರಣೆ ಬೇರೆಲ್ಲೂ ನಮಗೆ ಕಾಣಲಿಲ್ಲ.

ಮೊದಲು 1977ನ್ನು ನೋಡೋಣ. 1975ರ ಜೂನ್ 25ರಂದು ಶ್ರೀಮತಿ ಇಂದಿರಾ ಗಾಂಧಿಯವರ ಸರಕಾರವು ತುರ್ತು ಪರಿಸ್ಥಿತಿಯನ್ನು ಹೇರಿತು. 1977ರ ಜನವರಿ 18ರಂದು ಅನಿರೀಕ್ಷಿತವಾಗಿ ಚುನಾವಣೆಯ ಪ್ರಕಟಣೆ ಬಂದಿತು. ಎರಡೇ ವಾರಗಳಲ್ಲಿ, ಫೆಬ್ರವರಿ 2ರಂದು, ಅವರ ಸಂಪುಟದ ಅತಿ ಹಿರಿಯ ಸಚಿವರಾದ ಶ್ರೀ ಜಗಜೀವನ ರಾಮ್ ರಾಜೀನಾಮೆ ಕೊಟ್ಟು, ಬಹುಗುಣಾ ಮತ್ತು ನಂದಿನಿ ಸತ್ಪತಿಯವರೊಂದಿಗೆ ಹೊರಬಂದರು. ಅವರ ನಿರ್ಗಮನದಿಂದ ಜನರ ಮನಸ್ಸಿನಲ್ಲಿದ್ದ ಭಯ ಒಡೆಯಿತೆಂಬುದು ನಿಜ. ಅದನ್ನು ನಾವು ಕಡಿಮೆ ಮಾಡಿ ಹೇಳಲಾರೆವು. ಆದರೆ ತುರ್ತು ಪರಿಸ್ಥಿತಿಗೆ ಲೋಕಸಭೆಯ ಒಪ್ಪಿಗೆ ಕೇಳುವ ಠರಾವನ್ನು 1975ರ ಜುಲೈಯಲ್ಲಿ ಮಂಡಿಸಿದವರೂ ಅವರೇ. ಇದರ ಪಕ್ಕದಲ್ಲಿ ಪುಣೆಯ ಶ್ರೀ ಮೋಹನ ಧಾರಿಯಾರವರನ್ನು ಇಟ್ಟು ನೋಡಬೇಕು. ಜಯಪ್ರಕಾಶ ನಾರಾಯಣರೊಂದಿಗೆ ಮಾತುಕತೆಯಾಗಲಿ ಎಂದು ಹೇಳಿದ್ದಕ್ಕಾಗಿ 1975ರ ಮಾರ್ಚಿಯಲ್ಲೇ ಅವರು ಮಂತ್ರಿಪದವಿ ಕಳೆದುಕೊಂಡರು. ತುರ್ತು ಪರಿಸ್ಥಿತಿಯಲ್ಲಿ ಸೆರೆಮನೆ ಕಂಡರು. ಇಬ್ಬರೂ ಒಬ್ಬರೇ ನಾಯಕಿಯಿಂದ ದೂರವಾದವರು. ಒಬ್ಬರ ತಾರೀಖು ಚುನಾವಣೆಯ ಪ್ರಕಟಣೆಗೆ ಎರಡು ವರ್ಷ ಹಿಂದಿನದು, ಇನ್ನೊಬ್ಬರದು ಎರಡು ವಾರ ಮುಂದಿನದು. ಪಗಾರದ ಪುಸ್ತಕ ಬರೆಯುವ ನಮಗೆ ಕಣ್ಣು ಮೊದಲು ತಾರೀಖಿನ ಕಲಮಿಗೇ ಹೋಗುತ್ತದೆ.

1971ರಲ್ಲಿ 352 ಸ್ಥಾನ ಗೆದ್ದಿದ್ದ ಕಾಂಗ್ರೆಸ್ಸು 1977ರ ಮಾರ್ಚಿಯಲ್ಲಿ 154ಕ್ಕೆ ಇಳಿಯಿತು. ಉತ್ತರ ಪ್ರದೇಶದಲ್ಲಿ ಒಂದೂ ಇಲ್ಲ, ಬಿಹಾರದಲ್ಲಿ ಒಂದೂ ಇಲ್ಲ. ರಾಯ್‌ಬರೇಲಿಯಲ್ಲಿ ಸ್ವತಃ ಇಂದಿರಾ ಗಾಂಧಿಯವರೇ ಸೋತರು. ನಮ್ಮ ಮುಂಬಯಿಯ ಆರು ಲೋಕಸಭಾ ಸ್ಥಾನಗಳಲ್ಲಿ ಆರೂ ಹೋದವು. ಅಹಿಲ್ಯಾ ರಾಂಗಣೇಕರ್, ಮೃಣಾಲ ಗೋರೆ ಮುಂತಾದವರು ಗೆದ್ದು ಬಂದರು. ಆದರೆ ಅದೇ ದಿನಗಳಲ್ಲಿ ಕರ್ನಾಟಕದ 28 ಸ್ಥಾನಗಳಲ್ಲಿ ಕಾಂಗ್ರೆಸ್ಸಿಗೆ 26 ಬಂದವು! ಆಂಧ್ರದಲ್ಲಿ 42ಕ್ಕೆ 41. ಬೈಕುಲ್ಲಾದ ಬೀದಿಯಲ್ಲಿ ಪಟಾಕಿ ಸಿಡಿಯುತ್ತಿದ್ದಾಗ ಊರಿನಿಂದ ಬಂದ ಕಾಗದದಲ್ಲಿ ಬೇರೆಯೇ ಸುದ್ದಿ ಇತ್ತೆಂದು ಮೇಲೆ ಹೇಳಿದ ಹಿರಿಯರು ಈಗಲೂ ನೆನೆಯುತ್ತಾರೆ. "ನಾವು ಓದೂ ಪೇಪರ್‌ನ್ಯಾಗ ಒಂದು ದೇಶ, ಅಣ್ಣನ ಪತ್ರದಾಗ ಇನ್ನೊಂದು ದೇಶ" ಎಂಬುದು ಅವರ ಮಾತು.

ಒಬ್ಬರೇ ನಾಯಕಿ, ಒಂದೇ ಆಡಳಿತ, ಹೀಗೇಕೆ? ಕೈಗೆ ಬಂದ ಲೆಕ್ಕ ಬೇರೆಬೇರೆಯಾಗಿತ್ತು ಎಂಬುದೇ ನಮಗೆ ತೋರುವ ಉತ್ತರ. ಮುಂಬಯಿಯ ಗಿರಣಿ ಕೆಲಸಗಾರನಿಗೆ ತುರ್ತು ಪರಿಸ್ಥಿತಿ ಬಂದದ್ದು ಪಗಾರದ ಲಕೋಟೆಯೊಳಗೆ. ಕಾನೂನಿನಂತೆ ಕನಿಷ್ಠ ಬೋನಸ್ಸು ಶೇಕಡ 8.33 ಇದ್ದುದನ್ನು 1975ರ ಸೆಪ್ಟೆಂಬರಿನ ಸುಗ್ರೀವಾಜ್ಞೆಯು ಶೇಕಡ 4ಕ್ಕೆ ಇಳಿಸಿತು. ವರ್ಷಕ್ಕೆ 4,000 ರೂಪಾಯಿ ಪಗಾರದವನೊಬ್ಬನಿದ್ದನೆಂದು ಇಟ್ಟುಕೊಳ್ಳಿ: 333 ರೂಪಾಯಿ ಕನಿಷ್ಠವಾಗಿದ್ದವನಿಗೆ ಆ ಕನಿಷ್ಠವು 160 ರೂಪಾಯಿಯಾಯಿತು. ದೀಪಾವಳಿಯ ಬಟ್ಟೆ, ಊರಿನ ಟಿಕೇಟು, ಅಂಗಡಿಯ ಉದ್ದರಿ, ಎಲ್ಲವೂ ಆ ಹಣದ ಮೇಲೆಯೇ ನಿಂತಿದ್ದವು. ಇದಲ್ಲದೆ 1974ರ ಕಾನೂನಿನಂತೆ ಹೆಚ್ಚಿದ ತುಟ್ಟಿಭತ್ಯದ ಅರ್ಧ ಭಾಗ ಕಡ್ಡಾಯ ಠೇವಣಿಗೆ ಹೋಗುತ್ತಿತ್ತು. ಮುಷ್ಕರ ಮಾಡುವಂತಿಲ್ಲ, ಪತ್ರಿಕೆಯಲ್ಲಿ ಬರೆಯುವಂತಿಲ್ಲ. ಉತ್ತರದ ಹಳ್ಳಿಗಳಲ್ಲಾದರೋ ಬಲವಂತದ ಸಂತಾನಹರಣ ಶಸ್ತ್ರಚಿಕಿತ್ಸೆಯ ಭೀತಿ ಆವರಿಸಿತ್ತು. 1976-77ರ ಒಂದೇ ವರ್ಷದಲ್ಲಿ ದೇಶದಲ್ಲಿ 80 ಲಕ್ಷಕ್ಕೂ ಹೆಚ್ಚು ಇಂಥ ಶಸ್ತ್ರಚಿಕಿತ್ಸೆಗಳು ನಡೆದವು.

ಕರ್ನಾಟಕದ ಹಳ್ಳಿಗೆ ಅದೇ ಕಾಲದಲ್ಲಿ ಬಂದದ್ದು ಭೂಸುಧಾರಣೆ. ಶ್ರೀ ದೇವರಾಜ ಅರಸರ ಸರಕಾರದ ತಿದ್ದುಪಡಿ ಕಾನೂನು 1974ರ ಮಾರ್ಚ್ 1ರಿಂದ ಜಾರಿಗೆ ಬಂದು, ಗೇಣಿಯ ಭೂಮಿಯೆಲ್ಲ ಸರಕಾರದ ವಶವಾಗಿ, ಉಳುವವನು ಅರ್ಜಿ ಹಾಕಿ ಒಡೆತನ ಪಡೆಯುವ ದಾರಿ ತೆರೆಯಿತು. ದಕ್ಷಿಣ ಕನ್ನಡದ ಚಾಲಗೇಣಿ ಒಕ್ಕಲುಗಳು 'ಡಿಕ್ಲರೇಶನ್ ಕೊಡುವುದು' ಎಂದು ಹೇಳುತ್ತಿದ್ದುದು ಇದಕ್ಕೇ. ತಾಲೂಕಿನ ಭೂ ನ್ಯಾಯಮಂಡಳಿಯ ಎದುರು ಧಣಿಯೂ ಒಕ್ಕಲೂ ಸಮನಾಗಿ ನಿಂತರು. ಇದರ ಜೊತೆಗೆ ಹಾವನೂರ ಆಯೋಗದ ವರದಿ 1975ರಲ್ಲಿ ಬಂದು ಹಿಂದುಳಿದ ವರ್ಗಗಳಿಗೆ ಮೀಸಲಾತಿಯ ಬಾಗಿಲು ತೆರೆಯಿತು. ನಮ್ಮ ಮೇಜಿನ ಸುತ್ತಲೇ ನೋಡಿ: ಗೇಣಿ ಭೂಮಿ ಸ್ವಂತವಾದದ್ದರಿಂದ ಊರಿನಲ್ಲಿ ಮನೆ ಎದ್ದವರೂ ಇದ್ದಾರೆ, ಭೂಮಿ ಕಳೆದುಕೊಂಡದ್ದರಿಂದಲೇ ಮುಂಬಯಿಗೆ ಬಂದ ಮನೆತನದವರೂ ಇದ್ದಾರೆ. ಇಬ್ಬರೂ ಒಂದೇ ಪತ್ರಿಕೆಯನ್ನು ಓದುತ್ತಾರೆ. 1977ರ ನೆನಪು ಮಾತ್ರ ಇಬ್ಬರದೂ ಒಂದಲ್ಲ.

ಇನ್ನು ಮುಖ್ಯ ಕಥೆಗೆ ಬರುವೆವು. ಸೋತ ನಾಯಕಿಯನ್ನು ಬಿಟ್ಟುಬಿಡುವುದೇ ಕ್ಷೇಮವೆಂದು ಕಾಂಗ್ರೆಸ್ಸಿನ ದೊಡ್ಡವರಲ್ಲಿ ಹೆಚ್ಚಿನವರು ಭಾವಿಸಿದರು. ಪಕ್ಷದ ಅಧ್ಯಕ್ಷರಾಗಿದ್ದವರು ಆಂಧ್ರದ ಶ್ರೀ ಬ್ರಹ್ಮಾನಂದ ರೆಡ್ಡಿ. ಮಹಾರಾಷ್ಟ್ರದ ಶ್ರೀ ಯಶವಂತರಾವ್ ಚವಾಣ್, ಪಂಜಾಬಿನ ಶ್ರೀ ಸ್ವರಣ್ ಸಿಂಗ್ ಮುಂತಾದ ಹೆಸರಾಂತವರು ಅವರ ಕಡೆಗೆ ನಿಂತರು. 1978ರ ಜನವರಿ ಮೊದಲ ವಾರದಲ್ಲಿ ಪಕ್ಷ ಎರಡಾಯಿತು. ಹಸು-ಕರುವಿನ ಚಿಹ್ನೆ ರೆಡ್ಡಿ ಕಾಂಗ್ರೆಸ್ಸಿನಲ್ಲಿ ಉಳಿಯಿತು. ಇಂದಿರಾ ಕಾಂಗ್ರೆಸ್ಸು ಹಸ್ತದ ಚಿಹ್ನೆ ಹಿಡಿಯಿತು. ಫೆಬ್ರವರಿಯಲ್ಲಿಯೇ ಕರ್ನಾಟಕ, ಆಂಧ್ರ, ಮಹಾರಾಷ್ಟ್ರಗಳ ವಿಧಾನಸಭಾ ಚುನಾವಣೆ. ಅಂದರೆ ಮತದಾರನು ಹೊಸ ಚಿಹ್ನೆಯನ್ನು ಗುರುತಿಸಲು ಕಲಿಯುವುದಕ್ಕೆ ಎರಡು ತಿಂಗಳೂ ಇರಲಿಲ್ಲ.

ಹಳೆಯ ಚಿಹ್ನೆ, ಹಳೆಯ ಕಚೇರಿ, ದೊಡ್ಡ ಹೆಸರುಗಳು, ಎಲ್ಲವೂ ದೂರ ಸರಿದವರ ಕಡೆಗಿದ್ದವು. ಆಂಧ್ರದಲ್ಲಿ ಮುಖ್ಯಮಂತ್ರಿ ಶ್ರೀ ವೆಂಗಳರಾವ್ ಕೂಡ ಅವರ ಕಡೆಯೇ. ಕರ್ನಾಟಕದಲ್ಲಿ ಮಾತ್ರ ಅರಸರು ಇಂದಿರಾ ಅವರೊಂದಿಗೆ ಉಳಿದರು. ಅವರ ಸರಕಾರವೋ 1977ರ ಡಿಸೆಂಬರ್ 31ರಂದು ವಜಾ ಆಗಿ ರಾಷ್ಟ್ರಪತಿ ಆಡಳಿತ ಬಂದಿತ್ತು. ಫಲಿತಾಂಶ ಹೀಗಿದೆ: ಕರ್ನಾಟಕದ 224ರಲ್ಲಿ ಇಂದಿರಾ ಕಾಂಗ್ರೆಸ್ಸಿಗೆ 149, ಜನತಾ ಪಕ್ಷಕ್ಕೆ 59, ರೆಡ್ಡಿ ಕಾಂಗ್ರೆಸ್ಸಿಗೆ ಎರಡು. ಎರಡೇ! ಆಂಧ್ರದ 294ರಲ್ಲಿ ಇಂದಿರಾ ಕಾಂಗ್ರೆಸ್ಸಿಗೆ 175, ಮುಖ್ಯಮಂತ್ರಿಯ ಪಕ್ಷಕ್ಕೆ 30. ಮಹಾರಾಷ್ಟ್ರದಲ್ಲಿ ಮಾತ್ರ ಜನತಾ 99, ರೆಡ್ಡಿ ಕಾಂಗ್ರೆಸ್ಸು 69, ಇಂದಿರಾ ಕಾಂಗ್ರೆಸ್ಸು 62 ಎಂದು ತಕ್ಕಡಿ ತೂಗಿತು. ಚುನಾವಣೆಯಲ್ಲಿ ಒಬ್ಬರನ್ನೊಬ್ಬರು ಬೈದ ಎರಡೂ ಕಾಂಗ್ರೆಸ್ಸುಗಳು ಅಲ್ಲಿ ಕೂಡಿಯೇ ಶ್ರೀ ವಸಂತದಾದಾ ಪಾಟೀಲರ ಸರಕಾರ ಮಾಡಿದವು. ಆ ವಿನೋದವನ್ನು ಇನ್ನೊಮ್ಮೆ ಬರೆಯುವೆವು.

ದೂರ ಸರಿದವರು ಎಡವಿದ್ದೆಲ್ಲಿ? ದಿಲ್ಲಿ, ಲಖನೌ, ಮುಂಬಯಿಗಳ ಕನ್ನಡಿಯಲ್ಲಿ ನಾಯಕಿಯ ಮುಖ ನೋಡಿ ಅವರು ತೀರ್ಮಾನಿಸಿದ್ದರು. ತಮ್ಮ ಕ್ಷೇತ್ರದ ಒಕ್ಕಲನ ಮನೆಯ ಕನ್ನಡಿಯಲ್ಲಿ ಅದೇ ಮುಖ ಬೇರೆಯಾಗಿ ಕಂಡಿತ್ತು. ಇಂದಿರಾ ಗಾಂಧಿಯವರು ಲೋಕಸಭೆಗೆ ಮರಳಲು ಆರಿಸಿಕೊಂಡದ್ದು ಚಿಕ್ಕಮಗಳೂರನ್ನು. ಶ್ರೀ ಡಿ. ಬಿ. ಚಂದ್ರೇಗೌಡರು ಸ್ಥಾನ ತೆರವು ಮಾಡಿಕೊಟ್ಟರು. 1978ರ ನವೆಂಬರಿನ ಉಪಚುನಾವಣೆಯಲ್ಲಿ ಶ್ರೀ ವೀರೇಂದ್ರ ಪಾಟೀಲರು ಸೋತರು. ನಮ್ಮ ಮುಂಬಯಿಯ ಕಾರ್ಮಿಕರ ನಾಯಕರೂ ಮಂಗಳೂರು ಮೂಲದವರೂ ಆದ ಶ್ರೀ ಜಾರ್ಜ್ ಫರ್ನಾಂಡಿಸ್ ಅಲ್ಲಿಗೆ ಹೋಗಿ ಕಾಫಿ ತೋಟಗಳ ನಡುವೆ ವಿರೋಧ ಪ್ರಚಾರ ಮಾಡಿದ್ದರು. 1967ರಲ್ಲಿ ಎಸ್. ಕೆ. ಪಾಟೀಲರಂಥ ಪ್ರಬಲರನ್ನು ದಕ್ಷಿಣ ಮುಂಬಯಿಯಲ್ಲಿ ಕೆಡವಿದ ಮಾತುಗಾರಿಕೆಗೆ ಚಿಕ್ಕಮಗಳೂರು ಒಲಿಯಲಿಲ್ಲ.

ಇಷ್ಟಕ್ಕೆ ನಿಲ್ಲಿಸಿದರೆ ನಿಷ್ಠೆಯ ಪುರಾಣವಾದೀತು. ಮುಂದಿನದು ಅದಕ್ಕಿಂತ ಸೋಜಿಗದ್ದು. 1978ರ ಆ 149 ಸ್ಥಾನಗಳು ಯಾರ ಗಳಿಕೆ? ಅರಸರು ತಮ್ಮ ಕೆಲಸದ ಫಲವೆಂದರು. ದಿಲ್ಲಿಯವರು ಇಂದಿರಾ ಹೆಸರಿನ ಫಲವೆಂದರು. ಇಬ್ಬರ ಹೆಸರಿನಲ್ಲಿ ಬ್ಯಾಂಕಿನ ಜಂಟಿ ಖಾತೆ ಇದ್ದರೆ ಯಾರ ಹಣ ಎಷ್ಟೆಂಬ ಪ್ರಶ್ನೆ ಮುನಿಸು ಬರುವವರೆಗೆ ಏಳುವುದಿಲ್ಲ. 1979ರಲ್ಲಿ ಮುನಿಸು ಬಂದಿತು. ರಾಜ್ಯ ಕಾಂಗ್ರೆಸ್ಸಿನ ಅಧ್ಯಕ್ಷ ಸ್ಥಾನವನ್ನು ಅರಸರಿಂದ ತೆಗೆದು ಶ್ರೀ ಎಸ್. ಬಂಗಾರಪ್ಪನವರಿಗೆ ಕೊಡಲಾಯಿತು. ಅರಸರು ಸಿಡಿದು ಹೊರಬಂದರು. ಶಾಸಕರಲ್ಲಿ ಹೆಚ್ಚಿನವರು ಅವರೊಂದಿಗೇ ಬಂದುದರಿಂದ ಮುಖ್ಯಮಂತ್ರಿ ಪದವಿ ಉಳಿಯಿತು; ಬೇರೆ ಕಡೆಯ ಕಾಂಗ್ರೆಸ್ಸಿಗರೂ ಸೇರಿ 'ಅರಸು ಕಾಂಗ್ರೆಸ್ಸು' ಎಂಬ ಹೆಸರೇ ದೇಶದಲ್ಲಿ ನಿಂತಿತು. ಆ ಶಾಸಕರು ತಿಳಿದದ್ದು ಇಷ್ಟೇ: ಜಮೀನು ಕೊಟ್ಟವರು ಅರಸರು, ಊರು ಅರಸರದು.

1980ರ ಜನವರಿ 3 ಮತ್ತು 6ರಂದು ಲೋಕಸಭೆಗೆ ಮತದಾನವಾಯಿತು. ಕರ್ನಾಟಕದ 28ರಲ್ಲಿ ಇಂದಿರಾ ಕಾಂಗ್ರೆಸ್ಸಿಗೆ 27. ಉಳಿದ ಒಂದು, ಬೆಂಗಳೂರು ದಕ್ಷಿಣ, ಜನತಾ ಪಕ್ಷದ ಶ್ರೀ ಟಿ. ಆರ್. ಶಾಮಣ್ಣನವರ ಪಾಲಾಯಿತು. ಅರಸು ಕಾಂಗ್ರೆಸ್ಸಿಗೆ ಸ್ವಂತ ನಾಡಿನಲ್ಲಿ ಸೊನ್ನೆ. ಮಹಾರಾಷ್ಟ್ರದಲ್ಲಿ ಚವಾಣರು ಸಾತಾರದಿಂದ ಒಬ್ಬರೇ ಆ ಪಕ್ಷದಿಂದ ಗೆದ್ದರು. 1981ರಲ್ಲಿ ಅವರೂ ಇಂದಿರಾ ಅವರ ಬಳಿಗೆ ಮರಳಿದರು. ಬ್ರಹ್ಮಾನಂದ ರೆಡ್ಡಿಯವರೂ ಮರಳಿದರು. ಅರಸರ ಕೆಲಸವನ್ನು ಜನ ಮರೆತರೆಂದು ನಾವು ಹೇಳುವುದಿಲ್ಲ. ಕೆಲಸ ಮಾಡಿದವರು ಒಬ್ಬರಾದರೂ ಅದು ಯಾರ ಹೆಸರಿನಲ್ಲಿ ಮನೆಮನೆಗೆ ಮುಟ್ಟಿತೆಂಬುದು ಬೇರೆ ಮಾತು. ಹತ್ತು ವರ್ಷ ಒಂದೇ ಮುಖವನ್ನು ಗೋಡೆಗೆ ಅಂಟಿಸಿ, ಹನ್ನೊಂದನೆಯ ವರ್ಷ ಆ ಮುಖವನ್ನು ನೋಡಬೇಡಿರೆಂದರೆ ಗೋಡೆ ಕೇಳುವುದಿಲ್ಲ.

ಆಗ ನಡೆದದ್ದನ್ನು ಇಂದಿನ ಯುವಕರು ನಂಬಲಾರರು. ವಿಧಾನಸಭೆಗೆ ಹೊಸ ಚುನಾವಣೆ ಆಗಲಿಲ್ಲ. ಅರಸರೊಂದಿಗೆ ಆರು ತಿಂಗಳ ಹಿಂದೆ ಹೊರಟಿದ್ದ ಶಾಸಕರು ಗುಂಪುಗುಂಪಾಗಿ ಮರಳಿದರು. ಅರಸರು ರಾಜೀನಾಮೆ ಕೊಟ್ಟರು. ಜನವರಿ 12ರಂದು ಶ್ರೀ ಗುಂಡೂರಾಯರು ಮುಖ್ಯಮಂತ್ರಿಯಾದರು; ಅದೇ ಸಭೆ, ಅದೇ ಶಾಸಕರು. ಪಕ್ಷಾಂತರ ತಡೆಯುವ ಕಾನೂನು ಬಂದದ್ದು 1985ರಲ್ಲಿ, ಸಂವಿಧಾನದ ಹತ್ತನೆಯ ಅನುಸೂಚಿಯಾಗಿ. ಮೊದಲು ಮೂರನೆಯ ಒಂದು ಭಾಗದ ಶಾಸಕರು ಒಟ್ಟಾಗಿ ಒಡೆದರೆ ವಿನಾಯಿತಿ ಇತ್ತು; 2003ರ ತಿದ್ದುಪಡಿಯಿಂದ ಅದೂ ಹೋಗಿ, ಮೂರನೆಯ ಎರಡು ಭಾಗ ಒಪ್ಪಿ ಬೇರೆ ಪಕ್ಷದಲ್ಲಿ ವಿಲೀನವಾದರೆ ಮಾತ್ರ ರಕ್ಷಣೆ ಎಂದಾಯಿತು. ಆದ್ದರಿಂದ ಈಗ ಶಾಸಕನು ಪಕ್ಷದೊಳಗೇ ಇದ್ದು ದೂರ ಸರಿಯುವ ವಿದ್ಯೆ ಕಲಿತಿದ್ದಾನೆ. ಕರಪತ್ರದಲ್ಲಿ ನಾಯಕರ ಚಿತ್ರ ಚಿಕ್ಕದಾಗುತ್ತದೆ, ಬಳಿಕ ಮಾಯವಾಗುತ್ತದೆ; ಸಭೆಗೆ ಅವರನ್ನು ಕರೆದ ದಿನವೇ ಇವನಿಗೆ ಜ್ವರ ಬರುತ್ತದೆ. ಹೋಟೆಲಿನ ಯುವಕರು ಕಂಡದ್ದು ಇದನ್ನೇ.

ಅರಸರ ಕಥೆಯಲ್ಲಿ ಇನ್ನೂ ಒಂದು ತಿರುವು ಉಳಿದಿದೆ. ಅವರು ಮುಂದೆ ಕ್ರಾಂತಿರಂಗವೆಂಬ ಪಕ್ಷ ಕಟ್ಟಿದರು. ಗುಂಡೂರಾಯರ ಆಳ್ವಿಕೆಗೆ ಜನ ಬೇಸತ್ತರೆಂಬ ಮಾತು ಹಬ್ಬಿದಾಗ ಇಂದಿರಾ ಕಾಂಗ್ರೆಸ್ಸಿನಿಂದ ದೂರ ಸರಿದವರಲ್ಲಿ ಬಂಗಾರಪ್ಪನವರೂ ಒಬ್ಬರು. 1979ರಲ್ಲಿ ಅರಸರ ಕುರ್ಚಿಯಲ್ಲಿ ಕುಳಿತವರು 1983ರ ಜನವರಿಯ ಚುನಾವಣೆಗೆ ಅರಸರ ಕ್ರಾಂತಿರಂಗದ ಮುಂದಾಳಾಗಿ, ಜನತಾ ಪಕ್ಷದ ಜೊತೆಗೂಡಿ ಹೋದರು. ಈ ಬಾರಿ ಊರಿನ ಕನ್ನಡಿಯೂ ಅದನ್ನೇ ತೋರಿಸಿತ್ತು: ಅವರ ಕೂಟಕ್ಕೆ 95, ಇಂದಿರಾ ಕಾಂಗ್ರೆಸ್ಸಿಗೆ 82. ಶ್ರೀ ರಾಮಕೃಷ್ಣ ಹೆಗಡೆಯವರು ರಾಜ್ಯದ ಮೊದಲ ಕಾಂಗ್ರೆಸ್ಸೇತರ ಮುಖ್ಯಮಂತ್ರಿಯಾದರು. ಅದನ್ನು ನೋಡಲು ಅರಸರು ಇರಲಿಲ್ಲ. 1982ರ ಜೂನ್ 6ರಂದೇ ತೀರಿಕೊಂಡಿದ್ದರು.