ಜೇನುಮೇಣದ ಮುಲಾಮಿಗೆ ನೀರು ಬೇಡ

ಭಾಗಮಂಡಲದಿಂದ ಘಟ್ಟ ಇಳಿದು ಪಾಣತ್ತೂರಿನ ದಾರಿ ಹಿಡಿದರೆ ಸಿಗುವ ಕರಿಕೆ ರಬ್ಬರು, ಅಡಿಕೆ, ತೆಂಗಿನ ಊರು. ಮಳೆಗಾಲವಿಡೀ ತೋಟದ ಕೆಸರು ತುಳಿದ ಕಾಲು ಚಳಿಗೆ ಒಡೆದಾಗ, ತೆಂಗಿನೆಣ್ಣೆಯಲ್ಲಿ ಜೇನುಮೇಣ ಕರಗಿಸಿ ಹಚ್ಚುವುದು ಕೊಡಗಿನ ಜೇನು ಸಾಕುವ ಮನೆಗಳ ರೂಢಿ. ಒಳ್ಳೆಯ ರೂಢಿ. ಅದನ್ನೇ ಅಂಗಡಿಯ ಕ್ರೀಮಿನಂತೆ ಬೆಳ್ಳಗೆ, ಮೆತ್ತಗೆ ಮಾಡಲು ಹೊರಟು ಲೋಳೆಸರದ ರಸವನ್ನೋ ಪನ್ನೀರನ್ನೋ ಸುರಿದಾಗ ತೊಂದರೆ ಶುರು.

ಮೇಣವಿದ್ದರೆ ಸಾಕು, ಎಣ್ಣೆಯೂ ನೀರೂ ತಾವೇ ಹೊಂದಿಕೊಳ್ಳುತ್ತವೆ ಎಂದು ಹಲವರು ನಂಬಿದ್ದಾರೆ. ಬಿಸಿಯಲ್ಲಿ ತಿರುವಿದಾಗ ಬೆರೆತಂತೆ ಕಾಣುವುದೂ ನಿಜ. ಕೆಲವು ದಿನ ಬಿಟ್ಟು ಮುಚ್ಚಳ ತೆಗೆದು ನೋಡಿ, ಮೇಲೆ ನೀರಿನ ಹನಿ ಕೂತಿರುತ್ತದೆ. ಮೇಣದಲ್ಲಿರುವ ಸೆರೋಟಿಕ್ ಮುಂತಾದ ಆಮ್ಲಗಳು ಬಿಳಿಗಾರದ, ಅಂದರೆ ಬೋರಾಕ್ಸಿನ, ಕ್ಷಾರದೊಡನೆ ಸೇರಿ ಸಾಬೂನಾಗಬೇಕು. ಎಣ್ಣೆ, ನೀರು ಎರಡನ್ನೂ ಹಿಡಿದಿಡುವುದು ಆ ಸಾಬೂನು. ಹಳೆಯ ಕೋಲ್ಡ್ ಕ್ರೀಮುಗಳ ಗುಟ್ಟು ಇದೇ.

ಬಿಳಿಗಾರವೂ ನೆಲದಲ್ಲಿ ಸಿಗುವ ಖನಿಜ ತಾನೆ, ಭಯವೇಕೆ ಎನ್ನುವವರಿದ್ದಾರೆ. ಭಯ ಬೇಕು. ಗಾಯವಾದ ಚರ್ಮದ ಮೂಲಕ ಅದು ಮೈಯೊಳಗೆ ಹೋಗುತ್ತದೆ; ಸಂತಾನಶಕ್ತಿಗೂ ಗರ್ಭದ ಶಿಶುವಿಗೂ ಹಾನಿ ಮಾಡಬಲ್ಲ ವಸ್ತುಗಳ ಸಾಲಿಗೆ ಯುರೋಪ್ ಒಕ್ಕೂಟ ಅದನ್ನು ಸೇರಿಸಿದೆ. ಒಡೆದ ಹಿಮ್ಮಡಿಗೆ, ಮಕ್ಕಳ ಮೈಗೆ ಅದು ಬೇಡವೇ ಬೇಡ.

ಇನ್ನು ಅಂಗಡಿ ಕ್ರೀಮಿನ ಡಬ್ಬಿಯ ಮೇಲೆ ‘ಸಿಟಿಯರಿಲ್ ಆಲ್ಕೋಹಾಲ್’ ಎಂದಿದ್ದರೆ ಬೆಚ್ಚಬೇಕಿಲ್ಲ. ಚರ್ಮ ಒಣಗಿಸುವ ಸ್ಪಿರಿಟ್ ಬೇರೆ, ಇದು ಬೇರೆ. ಹೆಚ್ಚಾಗಿ ತೆಂಗು, ತಾಳೆಯ ಎಣ್ಣೆಯಿಂದ ತಯಾರಾಗುವ ಮೇಣದಂಥ ಬಿಳಿ ಚಕ್ಕೆ. ಕ್ರೀಮನ್ನು ಗಟ್ಟಿಯಾಗಿಸಿ ಚರ್ಮವನ್ನು ಮೃದುವಾಗಿಸುತ್ತದೆ. ಅಲರ್ಜಿ ಅಪರೂಪ.

ಜೇನು ಕೆಡುವುದಿಲ್ಲ, ಹಾಗಾಗಿ ಮೇಣದ ಕ್ರೀಮೂ ಕೆಡದು ಎಂಬ ಮಾತೇ ನನಗೆ ಹೆಚ್ಚು ಆತಂಕ ತರುವುದು. ನೀರು ಸೇರಿತೆಂದರೆ ಬ್ಯಾಕ್ಟೀರಿಯಾ, ಬೂಷ್ಟು ಬೆಳೆಯಲು ದಾರಿಯಾಯಿತು. ಆಷಾಢದಲ್ಲಿ ಚಪ್ಪಲಿ, ಬೆಲ್ಟಿಗೂ ಬೂಷ್ಟು ಹಿಡಿಯುವ ಸೀಮೆಯಿದು. ಕಣ್ಣಿಗೆ ಕಾಣುವ ಮೊದಲೇ ಕೆಟ್ಟ ಕ್ರೀಮನ್ನು ತೆರೆದ ಬಿರುಕಿಗೇ ಹಚ್ಚುತ್ತೇವೆ.

ನೀರಿಲ್ಲದ ಹಳೆಯ ಮುಲಾಮೇ ಸಾಕು: ತೂಕದಲ್ಲಿ 4 ಪಾಲು ಎಣ್ಣೆಗೆ 1 ಪಾಲು ಸೋಸಿದ ಮೇಣ. ಮೇಣ ಕರಗಲು ಸುಮಾರು 62ರಿಂದ 65 ಡಿಗ್ರಿ ಸೆಲ್ಸಿಯಸ್ ಸಾಕು. ನೇರ ಉರಿಯಲ್ಲಿಟ್ಟರೆ ಬೆಂಕಿ ಹೊತ್ತೀತು, ಬಿಸಿನೀರಿನ ಪಾತ್ರೆಯೊಳಗಿಟ್ಟು ಕರಗಿಸಿ. ಮಲಗುವ ಮುನ್ನ ಕಾಲು ನೆನೆಸಿ, ಒರೆಸಿ, ಪಸೆ ಆರುವ ಮೊದಲೇ ಹಚ್ಚಿ. ಮೇಣ ತೇವ ಕೊಡುವುದಿಲ್ಲ, ಇರುವ ತೇವವನ್ನು ಕಾಯುತ್ತದೆ. ಬಿರುಕಿನಲ್ಲಿ ರಕ್ತ ಬರುತ್ತಿದ್ದರೆ, ಸಕ್ಕರೆ ಕಾಯಿಲೆಯಿದ್ದರೆ, ಮುಲಾಮು ಬದಿಗಿಟ್ಟು ಡಾಕ್ಟರಿಗೆ ತೋರಿಸಿ.